ಒಳಗೊಬ್ಬ, ಹೊರಗೊಬ್ಬ

"ಯಾರಿಗೋ ಇದು?" ಎಂದು ಅಪ್ಪ ಮತ್ತೆ ಕೇಳಿದರು.

ಮಗ ಕೈಯಲ್ಲಿದ್ದ ಅರ ಕೆಳಗಿಡಲಿಲ್ಲ. ಬೆಳಗ್ಗೆಯಿಂದ ಇದೇ ಪ್ರಶ್ನೆ. ಮೊದಲ ಸಲ ಬ್ಯಾಂಕಿಗೆ ಅಂದಿದ್ದ, ಆಮೇಲೆ ಶಾಲೆಗೆ ಅಂದ, ಕಾಫಿ ಕುಡಿದ ಮೇಲೆ ಯಾವುದೋ ಗೋದಾಮಿಗೆ ಅಂದ. ಅಪ್ಪನಿಗೆ ಹಿಂದಿನ ಉತ್ತರ ನೆನಪಿರುವುದಿಲ್ಲ ಅನ್ನುವುದೇನೋ ನಿಜ. ಆದರೆ ಸುಳ್ಳು ಹೇಳಿದವನಿಗೆ ನೆನಪಿರುತ್ತದಲ್ಲ, ಅದೇ ತಾಪತ್ರಯ.

"ಒಂದು ಆಸ್ಪತ್ರೆಗೆ ಅಪ್ಪ," ಎಂದ ಈ ಸಲ.

"ಆಸ್ಪತ್ರೆಗೆ ಇಷ್ಟು ಗಟ್ಟಿ ಬೀಗ ಯಾಕೋ? ರೋಗಿಗಳು ಎದ್ದು ಓಡಿಹೋಗ್ತಾರಾ?" ಎಂದು ಅಪ್ಪ ತಮ್ಮ ಮಾತಿಗೆ ತಾವೇ ನಕ್ಕರು. ನಕ್ಕು, ಮೇಜಿನ ಮೇಲೆ ಚೆಲ್ಲಿದ್ದ ಸ್ಕ್ರೂಗಳನ್ನು ಉದ್ದ ನೋಡಿ ಸಾಲಾಗಿ ಜೋಡಿಸತೊಡಗಿದರು. ಮಗನಿಗೆ ನಗು ಬರಲಿಲ್ಲ.

ಅಂಗಡಿ ಅಂದರೆ ದೊಡ್ಡದೇನಲ್ಲ. ಎರಡು ಕಟ್ಟಡಗಳ ನಡುವೆ ಉಳಿದುಹೋದ ಸಂದಿಗೆ ಮೇಲೊಂದು ತಗಡು, ಮುಂದೊಂದು ಷಟರ್ ಹಾಕಿದರೆ ಎಷ್ಟಾಗುತ್ತದೋ ಅಷ್ಟು. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಕೀಲಿ. ಬೀದಿಯವರು ಅಪ್ಪನನ್ನು ದೊಡ್ಡ ಕೀಲಿ ಅನ್ನುತ್ತಿದ್ದರು, ಮಗನನ್ನು ಚಿಕ್ಕ ಕೀಲಿ. ಚಿಕ್ಕ ಕೀಲಿಯ ತಲೆ ನರೆತು, ಕಣ್ಣಿಗೆ ಕನ್ನಡಕ ಬಂದು, ಮಂಡಿ ಹಿಡಿದುಕೊಳ್ಳತೊಡಗಿದರೂ ಹೆಸರು ಮಾತ್ರ ಚಿಕ್ಕದಾಗಿಯೇ ಉಳಿದಿತ್ತು. ಅದಕ್ಕೆ ಅವನಿಗೆ ಬೇಸರವಿರಲಿಲ್ಲ. ಬೇಸರ ಬೇರೆಯದಕ್ಕೆ. ಇಷ್ಟು ವರ್ಷಗಳಲ್ಲಿ ಅವನು ಮಾಡಿದ ಒಂದೇ ಒಂದು ಬೀಗವನ್ನೂ ಅಪ್ಪ ಮೊದಲ ಸಲಕ್ಕೆ ಒಪ್ಪಿದವರಲ್ಲ. ಎತ್ತಿಕೊಳ್ಳುವರು, ಕಿವಿಯ ಹತ್ತಿರ ಹಿಡಿಯುವರು, ತಂತಿ ತೂರಿಸುವರು, ಕಟಕ್ಕೆಂದು ತೆಗೆದು ಅವನ ಮುಂದೆ ಇಡುವರು. "ಇನ್ನೊಂದ್ ಸಲ ಮಾಡು." ಅಷ್ಟೇ. ಬೈಗುಳ ಇಲ್ಲ. ಹೊಗಳಿಕೆಯಂತೂ ಕೇಳಲೇಬೇಡಿ.

ಈಗ ಆ ಅಪ್ಪನ ತಲೆಯೊಳಗಿಂದ ಒಂದೊಂದೇ ಸಾಮಾನು ಕಳೆದುಹೋಗುತ್ತಿತ್ತು. ಮೊದಲು ಹೋದದ್ದು ವಾರದ ದಿನಗಳು. ಆಮೇಲೆ ಮನೆಯ ದಾರಿ. ಆಮೇಲೆ ಸೊಸೆಯ ಗುರುತು. "ಈ ಹುಡುಗಿ ಒಳ್ಳೇ ಸಾರು ಮಾಡ್ತಾಳೆ ಕಣೋ, ಯಾರ ಮನೆಯೋಳು?" ಎಂದು ಊಟದ ಮಧ್ಯೆ ಅವಳೆದುರೇ ಕೇಳುವರು. "ನಿಮ್ಮ ಮನೆಯವಳೇ ಮಾವ, ಇನ್ನೊಂಚೂರು ಹಾಕ್ಲಾ?" ಎಂದು ಅವಳು ಬಡಿಸುವಳು. ಅವಳ ತಾಳ್ಮೆ ದೊಡ್ಡದು. ಆದರೆ ತಲೆ ಮರೆತದ್ದನ್ನು ಅಪ್ಪನ ಕೈ ಮರೆಯಲಿಲ್ಲ ನೋಡಿ, ಎಲ್ಲ ಫಜೀತಿ ಅಲ್ಲಿಂದಲೇ ಶುರುವಾದದ್ದು.

ಬೇರೆಯವರ ಮನೆಯಲ್ಲಾದರೆ ಬಾಗಿಲಿಗೆ ಬೀಗ ಜಡಿದು ಹೊರಗಿನ ಕೆಲಸ ಮುಗಿಸಿಕೊಂಡು ಬರಬಹುದು. ಈ ಮನೆಯಲ್ಲಿ ಬೀಗ ಹಾಕಿದರೆ ಅಪ್ಪನಿಗೆ ಕೆಲಸ ಕೊಟ್ಟ ಹಾಗೆ. ಒಂದು ಮಧ್ಯಾಹ್ನ ಹೊರಟು ಎದುರುಮನೆಯ ಬೀಗವನ್ನೂ ತೆಗೆದಿದ್ದರು. ಅಲ್ಲಿಯ ಟೀಚರಮ್ಮ ಶಾಲೆಯಿಂದ ಬಂದು ನೋಡುತ್ತಾಳೆ, ಮಂಚದ ಮೇಲೆ ಯಾರೋ ಮುದುಕ ಬೀರುವಿನ ಬೀಗ ಬಿಚ್ಚಿಕೊಂಡು ಕೂತಿದ್ದಾನೆ! ಅವಳು ಕಿರುಚಿದ್ದಕ್ಕೆ ಬೀದಿಗೆ ಬೀದಿಯೇ ಓಡಿಬಂತು. ನೋಡಿದರೆ ಒಂದು ಸಾಮಾನೂ ಹೋಗಿರಲಿಲ್ಲ. ಬೀಗಕ್ಕೆ ಎಣ್ಣೆ ಬಿಟ್ಟು, ಮೊದಲಿಗಿಂತ ನಯ ಮಾಡಿಟ್ಟಿದ್ದರು. "ಎಷ್ಟು ದಿನದಿಂದ ಹೇಳ್ತಿದ್ರಲ್ಲಮ್ಮ, ಬಿಗಿ ಅಂತ," ಎಂದು ಅವಳನ್ನೇ ಗದರಿಸಿದರಂತೆ. ಬೀದಿಯವರು ನಕ್ಕು ಸುಮ್ಮನಾದರು.

ನಗುವುದಕ್ಕಾಗದ ದಿನವೂ ಬಂತು. ಸೊಸೆ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಅಪ್ಪ ಮನೆಯ ಬೀಗ ತೆಗೆದು ಹೆದ್ದಾರಿ ಸೇರಿದ್ದರು. ಅವಳು ಹಿಂದೆ ಓಡಿದಳು. ಲಾರಿಯವನು ಬ್ರೇಕ್ ಒತ್ತಿದ ಸದ್ದು ಅಂಗಡಿಯ ತನಕ ಕೇಳಿತ್ತು. ಮಗ ಹೋಗಿ ನೋಡಿದಾಗ ಅಪ್ಪ ಲಾರಿಯ ಮುಂದೆಯೇ ನಿಂತು ಡ್ರೈವರನಿಗೆ "ನಿನ್ನ ಕ್ಯಾಬಿನ್ ಬಾಗಿಲು ಸರಿ ಹಾಕಿಲ್ಲಪ್ಪ" ಎಂದು ಬುದ್ಧಿ ಹೇಳುತ್ತಿದ್ದರು. ಸೊಸೆ ರಸ್ತೆಯ ಅಂಚಿನಲ್ಲಿ ಬಿದ್ದಿದ್ದಳು, ಮಣಿಕಟ್ಟು ಮುರಿದಿತ್ತು. ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿಸಿಕೊಳ್ಳುವಾಗ ಅವಳು ಅಳಲಿಲ್ಲ. "ಇನ್ನು ನನ್ನಿಂದಾಗಲ್ಲ ಕಣ್ರೀ," ಎಂದಳು. "ಇವತ್ತು ಬ್ರೇಕ್ ಹಿಡೀತು. ನಾಳೆ ಹಿಡೀದೇ ಇದ್ರೆ?"

ಹಾಗೆ ಶುರುವಾಯಿತು ಇಂಥವರನ್ನು ನೋಡಿಕೊಳ್ಳುವ ಮನೆ ಹುಡುಕುವುದು. ಒಂದು ಕಡೆ ಜಾಗವಿಲ್ಲ ಅಂದರು. ಇನ್ನೊಂದು ಕಡೆ ಹೋದರೆ ಮುದುಕರನ್ನು ಕುರ್ಚಿಗೆ ಕಟ್ಟಿ ಕೂರಿಸಿದ್ದರು. ಅವನು ಒಳಗೂ ಹೋಗದೆ ವಾಪಸ್ ಬಂದ. ಮೂರನೆಯದು ಊರ ಅಂಚಿನಲ್ಲಿತ್ತು. ನರ್ಸ್ ಆಗಿ ಕೆಲಸ ಮಾಡಿ ಬಿಟ್ಟ ಹೆಂಗಸೊಬ್ಬಳು ನಡೆಸುತ್ತಿದ್ದಳು, ಎಲ್ಲರೂ ಮೇಡಂ ಅನ್ನುತ್ತಿದ್ದರು. ಒಳಗೆ ಉದ್ದದ ಪಡಸಾಲೆ, ಅದರಾಚೆ ಹಿತ್ತಲಲ್ಲಿ ಗಿಡಗಳು, ಕೂರಲು ಬೆಂಚು, ಗೋಡೆಗೆ ಹಿಡಿದು ನಡೆಯಲು ಕಂಬಿ. ಯಾರನ್ನೂ ಕಟ್ಟಿಹಾಕಿರಲಿಲ್ಲ. ಪಡಸಾಲೆಗೂ ಮುಂದಿನ ಕೋಣೆಗೂ ನಡುವೆ ಒಂದು ಮರದ ಬಾಗಿಲು, ಅದಕ್ಕೆ ಬೀಗ, ಅಷ್ಟೇ. ಮಗನಿಗೆ ಮನಸ್ಸು ಒಪ್ಪಿತು.

ಅಪ್ಪನಿಗೂ ಒಪ್ಪಿತು ಅಂತ ಕಾಣುತ್ತದೆ, ಅದರಲ್ಲೂ ಬೀಗ. ಮಗ ಮೇಡಂ ಜೊತೆ ಮಾತಾಡಿ ಮುಗಿಸುವಷ್ಟರಲ್ಲಿ ಜೇಬಿನ ತಂತಿ ತೂರಿಸಿ ಆ ಬಾಗಿಲು ತೆಗೆದಿದ್ದರು. ತಾವೊಬ್ಬರೇ ಬಂದಿದ್ದರೆ ಆಗುತ್ತಿತ್ತು. ಒಳಗಿದ್ದ ಅಜ್ಜಿಯರನ್ನೆಲ್ಲ "ಬನ್ನಿ ಬನ್ನಿ, ಬಾಗಿಲು ತೆಗೆದಿದೆ" ಎಂದು ಗೇಟಿನ ತನಕ ನಡೆಸಿಕೊಂಡು ಬಂದಿದ್ದರು. ಅವರನ್ನು ವಾಪಸ್ ಕೂಡಿಸಿಕೊಳ್ಳುವ ಹೊತ್ತಿಗೆ ಅಲ್ಲಿಯ ಆಯಾ ಸುಸ್ತು.

ಮೇಡಂ ಬೈಯಲಿಲ್ಲ. ಬೆವರು ಒರೆಸಿಕೊಂಡು ಕೂತಳು. "ನೋಡಿ, ನಿಮ್ಮ ತಂದೆ ಒಳ್ಳೆಯವರು. ಆದ್ರೆ ಈ ಬಾಗಿಲು ನಿಲ್ಲದಿದ್ರೆ ನಾನು ಇವರೆಲ್ಲರ ಜೀವಕ್ಕೆ ಹೊಣೆ. ಕರೆಂಟಿನ ಬೀಗ ಹಾಕಿಸಿ ನೋಡಿದೀನಿ, ಕರೆಂಟ್ ಹೋದಾಗೆಲ್ಲ ಬಾಗಿಲು ತಾನೇ ತೆರ್ಕೊಳತ್ತೆ. ಅವರಿಂದ ತೆಗೆಯೋಕ್ಕಾಗದ ಬೀಗ ನೀವೇ ಮಾಡಿ ತನ್ನಿ. ಅವತ್ತೇ ಸೇರಿಸ್ಕೋತೀನಿ. ಆಗ್ಲಿಲ್ವಾ, ಬೇರೆ ಕಡೆ ನೋಡ್ಕೊಳಿ." ಆಮೇಲೆ ಅಪ್ಪನ ಕಡೆ ತಿರುಗಿ, ಜೇಬಿನಲ್ಲಿ ಇಣುಕುತ್ತಿದ್ದ ಬಾಗಿದ ತಂತಿ ನೋಡಿ, "ಬೀಗ ಗಟ್ಟಿಯಾಗಿದ್ರೆ ಆ ತಂತಿ ಅವರ ಹತ್ರಾನೇ ಇರ್ಲಿ. ಕಿತ್ಕೊಳಲ್ಲ," ಎಂದಳು.

ಆ ಮಾತಿಗೆ ಮಗ ಸೋತುಹೋದ. ತಂತಿಯನ್ನು ದಿಂಬಿನಡಿ ಇಟ್ಟುಕೊಳ್ಳದೆ ಅಪ್ಪ ಮಲಗುತ್ತಿರಲಿಲ್ಲ.

ಹೀಗೆ ಈಗ ಮೇಜಿನ ಮೇಲಿದ್ದ ಬೀಗ ಯಾರಿಗೆಂದರೆ, ಮಗ್ಗುಲಲ್ಲಿ ಸ್ಟೂಲಿನ ಮೇಲೆ ಕೂತು ಸ್ಕ್ರೂ ಜೋಡಿಸುತ್ತಿದ್ದವರಿಗೇ. ಅದು ಹೇಳುವ ಮಾತಲ್ಲ. ಅಪ್ಪನಿಗೆ ಒಂದು ಹಟವಿತ್ತು. ಮನುಷ್ಯರನ್ನು ಕೂಡಿಹಾಕುವ ಬೀಗ ಅವರು ಮಾಡುತ್ತಿರಲಿಲ್ಲ. ಹಿಂದೊಮ್ಮೆ ಯಾರೋ ದೊಡ್ಡ ಮನುಷ್ಯ ಕಾರಿನಲ್ಲಿ ಬಂದು, ತಲೆ ಸರಿಯಿಲ್ಲದ ತನ್ನ ಅತ್ತೆಯ ಕೋಣೆಗೆ ಹೊರಗಿನಿಂದ ಹಾಕುವಂಥದ್ದು ಬೇಕು ಅಂದಿದ್ದ. ಅಪ್ಪ ಎದ್ದು ಅವನ ಮುಖದೆದುರೇ ಷಟರ್ ಎಳೆದಿದ್ದರು. "ಒಳಗಿರೋರ ಹತ್ರ ಒಂದು ಕೀಲಿ ಇರ್ಬೇಕು. ಇಲ್ದಿದ್ರೆ ಅದು ಬೀಗ ಅಲ್ಲ, ಬೋನು," ಎಂದು ಷಟರಿನ ಒಳಗಿನಿಂದ ಕೂಗಿದ್ದು ಮಗನಿಗೆ ಇನ್ನೂ ಕಿವಿಯಲ್ಲಿತ್ತು. ಆಗ ಅಪ್ಪನ ಮೇಲೆ ಎಷ್ಟು ಹೆಮ್ಮೆಯಾಗಿತ್ತು! ಈಗ ಅದೇ ಮೇಜು, ಅದೇ ಅರ.

ಲಿವರ್ ಬೀಗದ ಗುಟ್ಟು ದೊಡ್ಡದಲ್ಲ. ಒಳಗೆ ತೆಳ್ಳನೆಯ ಹಿತ್ತಾಳೆ ತಗಡುಗಳು ಒಂದರ ಮೇಲೊಂದು ಕೂತಿರುತ್ತವೆ, ಅವೇ ಲಿವರ್. ಕೀಲಿ ಎಲ್ಲವನ್ನೂ ಸರಿಯಾದ ಎತ್ತರಕ್ಕೆ ಎತ್ತಿದರೆ ಬೀಗದ ನಾಲಿಗೆ ಜಾರುತ್ತದೆ. ತಂತಿ ಹಾಕುವವನು ಒಂದೊಂದನ್ನೇ ಎತ್ತಿ, ಅದು ಕೂತದ್ದನ್ನು ಬೆರಳಿನಲ್ಲಿ ತಿಳಿದು ಮುಂದಕ್ಕೆ ಹೋಗುತ್ತಾನೆ. ಅವನನ್ನು ಯಾಮಾರಿಸಲು ಲಿವರಿನ ಅಂಚಿಗೆ ಒಂದು ಸುಳ್ಳು ಕಚ್ಚು ಹಾಕುತ್ತಾರೆ. ಕೂತಿತು ಅನ್ನಿಸುತ್ತದೆ, ಕೂತಿರುವುದಿಲ್ಲ. ಅಪ್ಪ ಅದಕ್ಕೆ ಕಳ್ಳಗೀರು ಅನ್ನುತ್ತಿದ್ದರು. ಎಲ್ಲ ಲಿವರಿಗೂ ಕಳ್ಳಗೀರು ಸರಿಯಾಗಿ ಬಿದ್ದರೆ ಆ ಬೀಗವನ್ನು ಹುಟ್ಟಿಸಿದ ಅಪ್ಪನಿಗೂ ತಂತಿಯಲ್ಲಿ ತೆಗೆಯಲು ಬರುವುದಿಲ್ಲ. ಆದರೆ ಕೂದಲೆಳೆ ಹೆಚ್ಚುಕಡಿಮೆಯಾದರೂ ಕೆಲಸ ಕೆಟ್ಟಿತು.

ಮಗ ಒಂದೊಂದಕ್ಕೇ ಗೀರು ಹಾಕುತ್ತ ಬಂದ. ಇಷ್ಟು ಚೆನ್ನಾಗಿ ಅವನ ಕೈ ಯಾವತ್ತೂ ನಡೆದಿರಲಿಲ್ಲ. ಕೊನೆಯ ಲಿವರ್ ಎತ್ತಿಕೊಂಡಾಗ ಅಪ್ಪ ಸ್ಟೂಲಿನ ಮೇಲೆಯೇ ತೂಕಡಿಸುತ್ತಿದ್ದರು. ಬಾಯಿ ಅರೆ ತೆರೆದಿತ್ತು, ಅಂಗೈಯಲ್ಲಿ ಒಂದು ಸ್ಕ್ರೂ. ಮಗ ಆ ಮುಖ ನೋಡಿದ, ಲಿವರ್ ನೋಡಿದ. ಅರ ಕೆಳಗಿಟ್ಟ. ಕೊನೆಯದನ್ನು ಗೀರಿಲ್ಲದೆ ಹಾಗೆಯೇ ಬೀಗದೊಳಕ್ಕೆ ಸೇರಿಸಿ ಮುಚ್ಚಳ ಹಾಕಿಬಿಟ್ಟ. ಯಾಕೆ ಅಂತ ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದನೋ. ಹೆಂಡತಿಯ ಮುರಿದ ಕೈ ನೆನಪಿಗೆ ಬರಲಿಲ್ಲವೇ ಅಂದರೆ, ಬಂತು. ಬಂದರೂ ಮುಚ್ಚಳ ಬಿಚ್ಚಲಿಲ್ಲ.

ಮರುದಿನ ಬೆಳಗ್ಗೆ ಅವಳು ಒಂದೇ ಕೈಯಲ್ಲಿ ಅಪ್ಪನ ಅಂಗಿಗಳನ್ನು ಮಡಿಸಿ ಚೀಲಕ್ಕೆ ತುಂಬಿದಳು. ಉಣ್ಣೆಯ ಟೋಪಿ, ಹಲ್ಲಿನ ಡಬ್ಬಿ, ಹಳೆಯ ಹೊದಿಕೆ. ಹೊದಿಕೆಯನ್ನು ಎರಡು ಸಲ ಹೊರಗೆ ತೆಗೆದು ಎರಡು ಸಲ ಒಳಗಿಟ್ಟಳು.

"ಎಲ್ಲಿಗೆ ಪ್ರಯಾಣ?" ಎಂದರು ಅಪ್ಪ.

"ಕೆಲಸಕ್ಕೆ ಮಾವ. ಬೀಗ ಕೂರಿಸೋಕೆ."

"ಅಷ್ಟು ಬಟ್ಟೆ ಯಾಕೆ?"

"ದೊಡ್ಡ ಕೆಲಸವಂತೆ," ಎಂದು ಅವಳು ಅಡುಗೆಮನೆಗೆ ಹೋದಳು. ಮಗ ಹಿಂದೆ ಹೋದಾಗ ಸಿಂಕಿನ ನಲ್ಲಿ ಸುಮ್ಮನೆ ಹರಿಯುತ್ತಿತ್ತು, ಅವಳು ಮುಖ ತಿರುಗಿಸಿ ನಿಂತಿದ್ದಳು. "ನನ್ನ ಕೈ ನೆಟ್ಟಗಾದ್ಮೇಲೆ ವಾಪಸ್ ಕರ್ಕೊಂಡು ಬರೋಣ, ಆಯ್ತಾ?" ಎಂದಳು. ಅವನು "ಹೂಂ" ಎಂದು ನಲ್ಲಿ ನಿಲ್ಲಿಸಿದ. ಕರೆದುಕೊಂಡು ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಆಟೋದಲ್ಲಿ ಅಪ್ಪ ಉತ್ಸಾಹದಲ್ಲಿದ್ದರು. ತೊಡೆಯ ಮೇಲೆ ಉಪಕರಣಗಳ ಚೀಲ, ಜೇಬಿನಲ್ಲಿ ತಂತಿ. ಕೆಲಸಕ್ಕೆ ಹೋಗುವುದೆಂದರೆ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. "ಮರಿ, ಉಳಿ ತಗೊಂಡಿದೀಯಾ?" "ತಗೊಂಡಿದೀನಿ ಅಪ್ಪ." "ಎಣ್ಣೆ?" "ಹೂಂ." "ಒಳಗೊಬ್ಬ, ಹೊರಗೊಬ್ಬ, ಗೊತ್ತಲ್ಲ?" ಮಗ ತಲೆಯಾಡಿಸಿದ.

ಅದು ಆ ಅಂಗಡಿಯ ಪದ್ಧತಿ. ಹೊಸ ಬೀಗ ಕೂರಿಸಿದ ಮೇಲೆ ಒಬ್ಬ ಒಳಗೆ ನಿಲ್ಲಬೇಕು, ಒಬ್ಬ ಹೊರಗಿನಿಂದ ಹಾಕಬೇಕು. ಒಳಗಿದ್ದವನು ಬಾಗಿಲು ಎಳೆದು, ಅಲುಗಾಡಿಸಿ, ನಾಲಿಗೆ ಚೌಕಟ್ಟಿನಲ್ಲಿ ಪೂರ್ತಿ ಕೂತಿದೆಯೇ ನೋಡಿ "ಸರಿ ಇದೆ" ಅನ್ನಬೇಕು. ಅಂದ ಕೂಡಲೇ ಹೊರಗಿನವನು ತೆಗೆಯಬೇಕು. ಮಗ ಚಿಕ್ಕವನಿದ್ದಾಗ ಒಳಗಿರುವವನು ಯಾವಾಗಲೂ ಅವನೇ. ಗುರುತಿಲ್ಲದ ಮನೆಗಳ ಕತ್ತಲೆ ಕೋಣೆಗಳು, ಉಗ್ರಾಣಗಳು. ಬಾಗಿಲು ಮುಚ್ಚಿ ಕೀಲಿ ತಿರುಗಿದ ಸದ್ದಿಗೆ ಅವನ ಜೀವ ಬಾಯಿಗೆ ಬರುತ್ತಿತ್ತು. ಆಗ ಹೊರಗಿನಿಂದ ಅಪ್ಪ ಬಾಗಿಲಿಗೆ ಎರಡು ಸಲ ತಟ್ಟುವರು. "ಹೆದರ್ಬೇಡ ಮರಿ, ನಾನು ಇಲ್ಲೇ ಇದೀನಿ." ಅವನು ಉಗುಳು ನುಂಗಿ, ಬಾಗಿಲು ಎಳೆದು, "ಸರಿ ಇದೆ ಅಪ್ಪ" ಅನ್ನುವನು. ಬಾಗಿಲು ತೆರೆಯುವುದು. ಒಂದು ಸಲವಾದರೂ ತೆರೆಯದೆ ಇದ್ದದ್ದಿಲ್ಲ.

ಮೇಡಂ ಬಾಗಿಲಲ್ಲೇ ಕಾಯುತ್ತಿದ್ದಳು. ಅಪ್ಪನ ಚೀಲವನ್ನು ಆಯಾ ಸದ್ದಿಲ್ಲದೆ ಒಳಗೆ ಒಯ್ದು ಕಿಟಕಿಯ ಪಕ್ಕದ ಮಂಚದ ಮೇಲಿಟ್ಟಳು. ಮಗ ಹಳೆಯ ಬೀಗ ಬಿಚ್ಚಿದ, ಉಳಿಯಿಂದ ಚೌಕಟ್ಟು ಕೆತ್ತಿ ಜಾಗ ಮಾಡಿದ. ಅಪ್ಪ ಕೇಳುವ ಮೊದಲೇ ಸ್ಕ್ರೂ ಕೊಡುತ್ತ, ಉದುರಿದ ಮರದ ಹೊಟ್ಟನ್ನು ಊದುತ್ತ ಪಕ್ಕದಲ್ಲಿ ಕೂತಿದ್ದರು. ಒಳಗಿನ ಅಜ್ಜಿಯೊಬ್ಬಳು ಬಂದು ಅವರನ್ನು ಗುರುತಿಸಿ, "ಇವತ್ತೂ ಹೋಗೋಣ್ವಾ?" ಎಂದು ಕೇಳಿದಳು. "ಕೆಲಸ ಮುಗೀಲಿ ತಾಯಿ," ಎಂದರು ಅಪ್ಪ.

ಬೀಗ ಕೂತಿತು. ಅಪ್ಪ ಎದ್ದು ಅಂಗಿ ಕೊಡವಿಕೊಂಡರು. "ನಾನು ಒಳಗೆ. ನೀನು ಹಾಕು."

ಮಗ ಹೊರಗೆ ಬಂದು ಬಾಗಿಲು ಎಳೆದು ಕೀಲಿ ತಿರುಗಿಸಿದ. ಮೇಡಂ ಪಕ್ಕದಲ್ಲಿ ಕೈ ಕಟ್ಟಿ ನಿಂತಳು. ಒಳಗೆ ತಂತಿ ಆಡುವ ಸದ್ದು ಸಣ್ಣಗೆ ಕೇಳಿತು. ಒಂದು ಹಾಡು ಗುನುಗುವಷ್ಟು ಹೊತ್ತೂ ಆಗಿರಲಿಲ್ಲ, ಕಟಕ್ ಅಂತು. ಬಾಗಿಲು ತೆರೆದು ಅಪ್ಪ ಕೆಂಡದಂಥ ಮುಖ ಮಾಡಿಕೊಂಡು ನಿಂತಿದ್ದರು.

ಮೇಡಂ ನಿಟ್ಟುಸಿರು ಬಿಟ್ಟಳು. "ನೋಡಿದ್ರಾ? ನನಗೆ ಬೇಜಾರು. ಆದ್ರೆ ನಾನು ಮೊದ್ಲೇ ಹೇಳಿದ್ದೆ."

ಮಗನಿಗೆ ಆದದ್ದೇನು ಅಂದರೆ, ಸಂತೋಷ. ನಾಚಿಕೆಗೆಟ್ಟ ಸಂತೋಷ. ಆಯಿತು, ಚೀಲ ಎತ್ತಿಕೊಂಡು ಮನೆಗೆ ಹೋಗುವುದು, ಏನಾದರೂ ಮಾಡೋಣ, ಅಂಗಡಿ ಮುಚ್ಚಿ ನಾನೇ ಮನೆಯಲ್ಲಿದ್ದರಾಯಿತು ಎಂದೆಲ್ಲ ಒಂದೇ ಉಸಿರಿಗೆ ಲೆಕ್ಕ ಹಾಕಿಬಿಟ್ಟ. "ಬನ್ನಿ ಅಪ್ಪ, ಹೋಗೋಣ," ಎಂದ.

"ಎಲ್ಲಿಗೆ ಹೋಗೋದು?" ಅಪ್ಪ ಗುಡುಗಿದರು. "ಕೆಲಸ ಅರ್ಧಕ್ಕೆ ಬಿಟ್ಟು ಹೋಗೋದಾ? ಕೊನೇ ಲಿವರಿಗೆ ಕಳ್ಳಗೀರೇ ಇಲ್ಲ. ಬಾಕಿದೆಲ್ಲ ಅಷ್ಟು ಚೆನ್ನಾಗಿ ಹಾಕಿ ಅದೊಂದನ್ನ ಬಿಟ್ಟಿದ್ಯಲ್ಲೋ, ನಿದ್ದೆ ಮಾಡ್ತಿದ್ಯಾ?"

"ಮರ್ತೆ ಅಪ್ಪ."

"ಮರೆಯೋ ವಯಸ್ಸೇನೋ ನಿಂದು?"

ಆಯಾ ಕಿಸಕ್ಕೆಂದು ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು. ಅಪ್ಪ ಅಷ್ಟರಲ್ಲಿ ಬೀಗ ಬಿಚ್ಚಿ ಮುಚ್ಚಳ ತೆಗೆದು, ಕೊನೆಯ ಲಿವರನ್ನು ಬೆಳಕಿಗೆ ಹಿಡಿದಿದ್ದರು. ಕೈ ಚಾಚಿದರು. ಮಗ ಕೊಡಲಿಲ್ಲ.

"ಅರ ಕೊಡೋ."

"ಅಪ್ಪ, ಇರ್ಲಿ ಬಿಡಿ. ಇನ್ನೊಂದ್ ದಿನ..."

"ಕೊಡು ಅಂದ್ನಲ್ಲ!"

ಆ ದನಿಗೆ ಅವನು ಈ ವಯಸ್ಸಿನಲ್ಲೂ ಎದುರಾಡಲಾರ. ಚೀಲದಿಂದ ಸಣ್ಣ ಅರ ತೆಗೆದು ಕೊಟ್ಟ. ಅಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಲಿವರನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಉಜ್ಜತೊಡಗಿದರು. ಊಟದ ತಟ್ಟೆಯಲ್ಲಿ ತುತ್ತು ಬಾಯಿಗೆ ಒಯ್ಯುವಾಗ ಕೆಳಗೆ ಚೆಲ್ಲುವ ಕೈ ಅದು. ಈಗ ನಡುಗುತ್ತಿರಲಿಲ್ಲ. ಒಂದೆರಡು ಸಲ ಉಜ್ಜುವರು, ಉಗುರಿನಿಂದ ಸವರಿ ನೋಡುವರು, ಮತ್ತೆ ಉಜ್ಜುವರು. ಹಿತ್ತಾಳೆಯ ಪುಡಿ ಅವರ ತೊಡೆಯ ಮೇಲೆ ಉದುರುತ್ತಿತ್ತು. ಮಗ ನೋಡುತ್ತಲೇ ನಿಂತ. ಹೇಳಿಬಿಡಬೇಕು ಅನ್ನಿಸಿತು. ಅಪ್ಪ, ಇದು ನಿಮಗೇ, ಬೇಡ, ನಿಲ್ಲಿಸಿ. ಬದಲಿಗೆ ಮಿಕ್ಕ ಸ್ಕ್ರೂಗಳನ್ನು ಅಪ್ಪನ ಕೈಗೆ ಸಿಗುವ ಹಾಗೆ ಸರಿಸಿದ.

ಜೋಡಿಸಿ ಕೂರಿಸುವ ಮುಂಚೆ ಅಪ್ಪ ಮೇಡಂ ಕಡೆ ಕತ್ತೆತ್ತಿ ನೋಡಿದರು. "ಒಳಗಿರೋರ ಹತ್ರ ಕೀಲಿ ಇರತ್ತಾ ತಾಯಿ?"

ಮೇಡಂ ಆಯಾಳ ಕಡೆ ನೋಡಿದಳು. ಆಯಾ ಮುಂದೆ ಬಂದು, ಕತ್ತಿನ ದಾರಕ್ಕೆ ಮಗ ಆಗಲೇ ಕಟ್ಟಿಕೊಟ್ಟಿದ್ದ ಹೊಸ ಕೀಲಿ ತೋರಿಸಿದಳು. "ನಾನು ಒಳಗೇ ಇರೋದು ತಾತ. ಹಗಲು ನಾನು, ರಾತ್ರಿ ಇನ್ನೊಬ್ಬಳು. ಕೀಲಿ ಯಾವಾಗ್ಲೂ ಒಳಗಡೆ ಇರತ್ತೆ."

"ಹಾಂ, ಹಾಗಿರ್ಬೇಕು," ಎಂದರು ಅಪ್ಪ, ಸಮಾಧಾನದಿಂದ. ಕೊನೆಯ ಸ್ಕ್ರೂ ಬಿಗಿದು, ಅಂಗೈಯಿಂದ ಬೀಗವನ್ನು ಒಮ್ಮೆ ಸವರಿ, ಆಯಾಳನ್ನು ಕರೆದುಕೊಂಡು ಒಳಗೆ ಹೋದರು. "ಹಾಕು."

ಮಗ ಹಾಕಿದ.

ತಂತಿಯ ಸದ್ದು ಬಂತು. ಈ ಸಲ ಹೊತ್ತು ಹಿಡಿಯಿತು. "ಹೂಂ... ಕೂತ್ತು," ಎಂದು ಒಳಗೆ ಗೊಣಗುವುದು ಕೇಳುತ್ತಿತ್ತು. "ಇದೂ ಕೂತ್ತು... ಅಲ್ಲ, ಕೂತಿಲ್ಲ. ಅಯ್ಯೋ ಕಳ್ಳ!" ಆಮೇಲೆ ನಗು. ಮತ್ತೆ ಮೊದಲಿನಿಂದ ತಂತಿ. ಮಗ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದ. ತೆರೆಯಲಿ ಎಂದು ಬೇಡಿಕೊಳ್ಳುತ್ತಿದ್ದನೋ ತೆರೆಯದಿರಲಿ ಎಂದೋ, ಅವನಿಗೇ ತಿಳಿಯಲಿಲ್ಲ. ಕೊನೆಗೆ ತಂತಿಯ ಸದ್ದು ನಿಂತಿತು.

"ಆಗಲ್ಲ ಕಣೋ!" ಅಪ್ಪನ ದನಿಯಲ್ಲಿ ಮಗು ಉಡುಗೊರೆ ಪೆಟ್ಟಿಗೆ ತೆರೆದಾಗಿನ ಖುಷಿಯಿತ್ತು. "ನನ್ನ ಕೈಲೂ ಆಗಲ್ಲ! ಯಾರೋ ಮಾಡಿದ್ದು ಇದನ್ನ?"

"ನಾನೇ ಅಪ್ಪ."

"ನೀನಾ?" ಅಂಗೈ ಬೀಗದ ಮೇಲೆ ಸವರಿದ ಸದ್ದು. "ಭೇಷ್ ಮರಿ. ಒಪ್ಪಿದೆ. ಮೊದಲ್ನೇ ಸಲಕ್ಕೇ ಒಪ್ಪಿದೆ."

ಆ ಮಾತಿಗಾಗಿ ಅವನು ಎಷ್ಟು ವರ್ಷ ಕಾದಿದ್ದ! ಕೇಳಿದ್ದು ಮಾತ್ರ ಈ ಬಾಗಿಲ ಹೊರಗೆ ನಿಂತು. ಒಳಗಿನಿಂದ ಬಾಗಿಲು ಎಳೆದ ಸದ್ದು, ಅಲುಗಾಡಿಸಿದ ಸದ್ದು. ಚೌಕಟ್ಟು ಕದಲಲಿಲ್ಲ. "ಸರಿ ಇದೆ," ಎಂದರು ಅಪ್ಪ.

ಸರಿ ಇದೆ ಅಂದ ಮೇಲೆ ತೆಗೆಯಬೇಕು. ಅವನ ಕೈ ತಾನಾಗಿ ಕೀಲಿಯನ್ನು ತೂತಿಗೆ ತೂರಿಸಿತು. ಮೇಡಂ ಹತ್ತಿರ ಬಂದು ದನಿ ತಗ್ಗಿಸಿದಳು. "ಈಗ್ಲೇ ಹೊರಟುಬಿಡಿ. ಖುಷಿಯಾಗಿದಾರೆ. ಒಂದ್ಸಲ ಹೊರಗೆ ಬಂದ್ರೆ ಮತ್ತೆ ಒಳಗೆ ಕರ್ಕೊಂಡು ಹೋಗೋದು ಅವರಿಗೂ ಕಷ್ಟ, ನಿಮಗೂ ಕಷ್ಟ. ಕಾಫಿ ಹೊತ್ತಾಯ್ತು, ಆಯಾ ಹಿತ್ತಲಿಗೆ ಕರ್ಕೊಂಡು ಹೋಗ್ತಾಳೆ."

ಅವನು ಕೇಳಿಸಿಕೊಂಡ. ಲಾರಿಯ ಮುಂದೆ ನಿಂತ ಅಪ್ಪ, ರಸ್ತೆಯ ಅಂಚಿನಲ್ಲಿ ಬಿದ್ದ ಹೆಂಡತಿ, ಎಲ್ಲ ಕಣ್ಣೆದುರಿಗೆ ಬಂತು. ತಿರುಗಿಸಿದರೆ ತೆರೆಯುವ ಕೀಲಿ. ತಿರುಗಿಸಲಿಲ್ಲ. ನಿಧಾನವಾಗಿ ಹೊರಗೆ ಎಳೆದುಕೊಂಡ. ಏನಾದರೂ ಹೇಳಿ ಹೋಗಬೇಕು ಅನ್ನಿಸಿ ಬಾಗಿಲ ಹತ್ತಿರ ಬಾಗಿದ. ಇಲ್ಲೇ ಇದೀನಿ ಅಪ್ಪ ಅನ್ನಬೇಕಿತ್ತು. ಬ್ಯಾಂಕಿಗೆ, ಶಾಲೆಗೆ, ಗೋದಾಮಿಗೆ ಎಂದು ಸಲೀಸಾಗಿ ಸುಳ್ಳು ಹೇಳಿದ ಬಾಯಿಗೆ ಇದೊಂದು ಬರಲಿಲ್ಲ.

ಒಳಗೂ ಸದ್ದಿರಲಿಲ್ಲ. ಅಪ್ಪ ಕಾಯುತ್ತಿದ್ದಾರೆ ಅಂದುಕೊಂಡ. ಇನ್ನೇನು "ತೆಗಿಯೋ" ಅನ್ನುತ್ತಾರೆ, ಆಮೇಲೆ ಕೂಗುತ್ತಾರೆ, ಆಮೇಲೆ ಬಾಗಿಲು ಬಡಿಯುತ್ತಾರೆ. ಅವನು ಕಣ್ಣು ಮುಚ್ಚಿಕೊಂಡ.

ಒಳಗಿನಿಂದ ಬಾಗಿಲಿಗೆ ಮೆಲ್ಲಗೆ ಎರಡು ಸಲ ತಟ್ಟಿದ ಸದ್ದಾಯಿತು.

"ಹೆದರ್ಬೇಡ ಮರಿ," ಎಂದರು ಅಪ್ಪ. "ನಾನು ಇಲ್ಲೇ ಇದೀನಿ."

ಮಗ ಉಗುಳು ನುಂಗಿದ. ಚಿಲಕ ಹಿಡಿದು ಬಾಗಿಲನ್ನು ಒಮ್ಮೆ ತನ್ನ ಕಡೆಗೆ ಎಳೆದು ನೋಡಿದ. ಬರಲಿಲ್ಲ.

"ಸರಿ ಇದೆ ಅಪ್ಪ," ಎಂದ.

ಆಮೇಲೆ ಒಳಗೆ ಆಯಾ ಕಾಫಿಗೆ ಕರೆದದ್ದು ಕೇಳಿತು. ಅಪ್ಪನ ಚಪ್ಪಲಿಯ ಸದ್ದು ಪಡಸಾಲೆಯುದ್ದಕ್ಕೂ ಹೋಗುತ್ತ ಹೋಗುತ್ತ ಸಣ್ಣದಾಯಿತು. ಬಾಗಿಲ ಈಚೆ ನೆಲದ ಮೇಲೆ, ಅವರು ಕೂತು ಅರ ಉಜ್ಜಿದ್ದ ಜಾಗದ ಪಕ್ಕದಲ್ಲಿ, ಮಿಕ್ಕ ಸ್ಕ್ರೂಗಳು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಂತಿದ್ದವು. ಅವನು ಕೂತು ಅವನ್ನು ಒಂದೊಂದೇ ಹೆಕ್ಕಿ ಚೀಲಕ್ಕೆ ಹಾಕಿಕೊಂಡ.